ಮಗನ ರೂಮಿನಲ್ಲಿ ಪಾಕಿಸ್ತಾನದವರಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಸರ್, ನಾವು ಸಿಂಧನೂರಿನವರು. ನನ್ನ ಮಗ ದುಬೈಯಲ್ಲಿ ಎಸಿ ಮೆಕ್ಯಾನಿಕ್. ಕಂಪನಿ ಕೊಟ್ಟ ರೂಮಿನಲ್ಲಿ ಆರು ಜನ. ಅದರಲ್ಲಿ ಇಬ್ಬರು ಪಾಕಿಸ್ತಾನದ ಪೇಶಾವರ ಕಡೆಯವರು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರಿದಾಗಿನಿಂದ ನನ್ನ ಮೈದುನ ಒಂದೇ ಹಠ ಹಿಡಿದಿದ್ದಾನೆ. ‘ಅವನನ್ನ ಆ ರೂಮಿಂದ ಬಿಡಿಸು, ಇಲ್ಲಾಂದ್ರೆ ಊರಿಗೆ ಕರೆಸು’ ಅಂತ. ಮಗ ಒಪ್ಪುತ್ತಿಲ್ಲ. ಅವನಿಗೆ ಟೈಫಾಯಿಡ್ ಬಂದಾಗ ಕಿಚಡಿ ಮಾಡಿ ಉಣ್ಣಿಸಿದವನು, ಆಸ್ಪತ್ರೆಗೆ ಕರಕೊಂಡು ಹೋದವನು ಅದೇ ಪೇಶಾವರದ ಹುಡುಗನಂತೆ. ಟಿವಿಯಲ್ಲಿ ನೋಡಿದರೆ ಎರಡೂ ಕಡೆಯವರು ಹಲ್ಲು ಕಡಿಯುತ್ತಾರೆ. ಮಗ ಹೇಳುವುದು ಬೇರೆ. ಈ ಸ್ನೇಹ ನಿಜಾನಾ, ಮೇಲ್ಮೇಲಿಂದಾ? ಮಗ ರಜೆಗೆ ಬಂದಿದ್ದಾನೆ. ವಾಪಸ್ ಹೋಗುವಾಗ ಆ ಹುಡುಗನಿಗೂ ಸ್ವಲ್ಪ ತಿಂಡಿ ಕಟ್ಟಿ ಕೊಡಬೇಕು ಅಂತ ಮನಸ್ಸಿದೆ. ತಪ್ಪಾಗುತ್ತಾ?

ಉತ್ತರ: ಅಮ್ಮಾ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ರೂಮ್ ಬಿಡಿಸಬೇಡಿ. ಊರಿಗೆ ಕರೆಸುವ ಮಾತಂತೂ ಬೇಡವೇ ಬೇಡ.

ಹಾಗಂತ ನಿಮ್ಮ ಮೈದುನನನ್ನು ಬೈದು ಸುಮ್ಮನಾಗಿಸಬೇಡಿ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ಕ್ಕೆ ನಮ್ಮ ಸೇನೆ ಉಗ್ರರ ನೆಲೆಗಳ ಮೇಲೆ ದಾಳಿ ಮಾಡಿತು. ಮೇ 10ಕ್ಕೆ ಕದನ ವಿರಾಮ ಆಯಿತು. ಆ ದಿನಗಳಲ್ಲಿ ಅಣ್ಣನ ಮಗ ಪಾಕಿಸ್ತಾನದವರ ಪಕ್ಕದ ಮಂಚದಲ್ಲಿ ಮಲಗುತ್ತಾನೆ ಅಂತ ಗೊತ್ತಿರುವ ಚಿಕ್ಕಪ್ಪನಿಗೆ ನಿದ್ದೆ ಬರದಿದ್ದರೆ ಅದು ಸಹಜ. ಅವನ ಭಯ ನಿಜ. ಅದಕ್ಕೆ ಅವನು ಹೇಳುವ ಮದ್ದು ಮಾತ್ರ ಸರಿಯಿಲ್ಲ.

ಒಂದು ವಿಷಯ ನಿಮಗೆ ಗೊತ್ತಿರಲಿ. ರೂಮ್ ಬದಲಿಸುವುದು ನಿಮ್ಮ ಮಗನ ಕೈಯಲ್ಲಿಲ್ಲ. ಯಾರಿಗೆ ಯಾವ ರೂಮ್ ಅಂತ ಹಂಚುವವನು ಕಂಪನಿಯ ಕ್ಯಾಂಪ್ ಬಾಸ್. ಬೇರೆ ರೂಮ್ ಕೊಡಿ ಅಂತ ಕೇಳುವುದು ತಪ್ಪಲ್ಲ. ಆದರೆ ‘ಇಂಥ ದೇಶದವನ ಜೊತೆ, ಇಂಥ ಧರ್ಮದವನ ಜೊತೆ ಇರಲ್ಲ’ ಅಂತ ಹೀಯಾಳಿಸಿ ಮೆಸೇಜ್ ಹಾಕಿದರೆ ಕಥೆಯೇ ಬೇರೆ. ಧರ್ಮ, ಜಾತಿ, ಜನಾಂಗ ಎತ್ತಿ ಹಗೆ ಹಬ್ಬಿಸುವುದು ಅಲ್ಲಿ ಅಪರಾಧ ಅಂತ 2015ರಲ್ಲೇ ಕಾನೂನು ಮಾಡಿದ್ದಾರೆ. ಜೈಲು, ದಂಡ ಎರಡೂ ಇದೆ. ಈ ಕಾನೂನು ಮೊಬೈಲಿಗೂ ಅನ್ವಯಿಸುತ್ತದೆ. ನಿಮ್ಮ ಮೈದುನ ಇಲ್ಲಿಂದ ಸಿಟ್ಟಿನಲ್ಲಿ ಕಳಿಸಿದ ವಿಡಿಯೋವನ್ನು ಮಗ ಅಲ್ಲಿ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದ ಅಂತಿಟ್ಟುಕೊಳ್ಳಿ. ಆಗ ತೊಂದರೆ ಆಗುವುದು ಮಗನಿಗೆ. ಹಾಗಾಗಿ ನೀವು ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಅಂಥ ವಿಡಿಯೋಗಳು ಮಗನ ಫೋನಿಗೆ ಹೋಗದಂತೆ ಮನೆಯವರಿಗೆಲ್ಲ ಹೇಳಿ. ಪೇಶಾವರದವನಿಗಿಂತ ಆ ಫೋನಿನ ಬಗ್ಗೆಯೇ ನನಗೆ ಜಾಸ್ತಿ ಭಯ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಈ ಸ್ನೇಹ ನಿಜಾನಾ?

ಬಳ್ಳಾರಿಯಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗಲೂ, ಆಮೇಲೆ ಗಲ್ಫ್‌ಗೆ ಹೋಗುವ ಹುಡುಗರಿಗೆ ತಿಳಿವಳಿಕೆ ಹೇಳಲು ಶುರು ಮಾಡಿದ ಮೇಲೂ ನನಗೆ ಜಾಸ್ತಿ ಸಲ ಎದುರಾದ ಪ್ರಶ್ನೆ ಇದೇ. ಮೊದಲು ಆ ರೂಮ್ ಹೇಗಿರುತ್ತದೆ ಅಂತ ನೋಡೋಣ. ಒಂದರ ಮೇಲೊಂದು ಕಬ್ಬಿಣದ ಮಂಚ. ಮಂಚದ ಸುತ್ತ ಬೆಡ್‌ಶೀಟಿನ ಪರದೆ. ಅದರೊಳಗಿನ ಆರಡಿ ಜಾಗವೇ ಒಬ್ಬನ ಸ್ವಂತ ಮನೆ. ದೇವರ ಫೋಟೋ, ಮಕ್ಕಳ ಫೋಟೋ, ಚಾರ್ಜರ್, ನೋವಿನ ಎಣ್ಣೆ ಎಲ್ಲ ಅಲ್ಲೇ. ಅಡುಗೆಮನೆ ಎಲ್ಲರದ್ದು. ಉದ್ದ ಕಟ್ಟೆ ಮೇಲೆ ಸಾಲಾಗಿ ಒಲೆ. ಡಬ್ಬಿಗಳ ಮೇಲೆ ಟೇಪ್ ಅಂಟಿಸಿ ಹೆಸರು ಬರೆದಿರುತ್ತಾರೆ. ಇವತ್ತು ಚಪಾತಿ ಯಾರದು, ಪಾತ್ರೆ ಯಾರದು ಅಂತ ಪಾಳಿ ಇರುತ್ತದೆ. ತಿಂಗಳ ಕೊನೆಗೆ ಮೆಸ್ ಲೆಕ್ಕ. ದನದ ಮಾಂಸ ತಿನ್ನುವವನು ಬೇರೆ ಪಾತ್ರೆ ಇಟ್ಟುಕೊಳ್ಳುತ್ತಾನೆ, ಅದನ್ನು ಬೇರೆ ಮೂಲೆಯಲ್ಲಿ ತೊಳೆಯುತ್ತಾನೆ. ಶನಿವಾರ ಒಬ್ಬ ಮೊಟ್ಟೆ ಮುಟ್ಟುವುದಿಲ್ಲ ಅಂದರೆ ಉಳಿದವರು ಅವತ್ತು ಅವನ ಬಾಣಲೆ ಮುಟ್ಟುವುದಿಲ್ಲ. ರಂಜಾನ್‌ನಲ್ಲಿ ಇಬ್ಬರು ಬೆಳಗಿನ ಜಾವ ಎದ್ದು ಊಟ ಮಾಡಬೇಕು. ಉಳಿದವರ ನಿದ್ದೆ ಕೆಡಬಾರದು ಅಂತ ಅವರು ಲೈಟ್ ಹಾಕದೆ ಮೊಬೈಲ್ ಟಾರ್ಚ್ ಹಿಡಿದು ಓಡಾಡುತ್ತಾರೆ.

ಮಾತು ಹೇಗೆ ಅಂತೀರಾ? ನಮ್ಮ ಹುಡುಗನ ಹಿಂದಿ ಅರ್ಧಂಬರ್ಧ. ಪೇಶಾವರದವನ ಮನೆಮಾತು ಪಷ್ತೊ, ಅವನಿಗೆ ಉರ್ದುವೂ ಶಾಲೆಯಲ್ಲಿ ಕಲಿತದ್ದೇ. ಇಬ್ಬರೂ ತಪ್ಪುತಪ್ಪಾಗಿ ಮಾತಾಡುವುದರಿಂದ ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಜೊತೆಗೆ ಕಷ್ಟ ಒಂದೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ನಿಯಮ ಇದೆ. ಅಷ್ಟು ಬಿಸಿಲು. ರಾಯಚೂರಿನ ಮೇ ತಿಂಗಳು ಕಂಡವರಿಗೂ ಅದು ಜಾಸ್ತಿ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಒಂದೇ ನೆರಳಲ್ಲಿ ಕೂತು ಒಂದೇ ಬಾಟಲಿ ನೀರು ಕುಡಿದವರು ಪಾಸ್‌ಪೋರ್ಟ್ ಬಣ್ಣ ನೋಡಿ ಮುಖ ತಿರುಗಿಸುವುದು ಕಷ್ಟ.

ಇದನ್ನು ನಾನು ಸ್ನೇಹ ಅಂತಲೇ ಕರೆಯುತ್ತೇನೆ. ನಾಟಕ ಇದಲ್ಲ, ಯಾಕಂದ್ರೆ ನಾಟಕಕ್ಕೆ ನೋಡುವವರು ಬೇಕು. ಬೆಳಗಿನ ಜಾವ ಟಾರ್ಚ್ ಹಿಡಿದು ಓಡಾಡುವವನನ್ನು ಯಾರೂ ನೋಡುತ್ತಿರುವುದಿಲ್ಲ.

ಆದರೆ ಆ ಸ್ನೇಹ ಎಷ್ಟು ದೂರ ಹೋಗುತ್ತದೆ? ಇದಕ್ಕೆ ಇರಾಕಿನಿಂದ ಒಂದು ಒಳ್ಳೆ ಉತ್ತರ ಸಿಕ್ಕಿದೆ. ಐಸಿಸ್ ಉಗ್ರರು 2014ರಲ್ಲಿ ಮೊಸುಲ್ ಸುತ್ತಮುತ್ತಲಿನ ಕ್ರೈಸ್ತರನ್ನು ಮನೆಮಠ ಬಿಡಿಸಿ ಓಡಿಸಿದರು. ಆ ಕ್ರೈಸ್ತರಿಗೆ ಮುಸ್ಲಿಮರ ಮೇಲೆ ಇದ್ದ ನಂಬಿಕೆಯೂ ಹೋಯಿತು. ಆಮೇಲೆ ಸಲ್ಮಾ ಮೂಸಾ ಅನ್ನುವ ಸಂಶೋಧಕಿ ಅಲ್ಲಿ ಫುಟ್‌ಬಾಲ್ ಲೀಗ್ ನಡೆಸಿದರು. ಕ್ರೈಸ್ತ ಹುಡುಗರ ಕೆಲವು ತಂಡಗಳಿಗೆ ಹೆಚ್ಚುವರಿ ಆಟಗಾರರಾಗಿ ಕ್ರೈಸ್ತರನ್ನೇ ಕೊಟ್ಟರು, ಕೆಲವಕ್ಕೆ ಮೂವರು ಮುಸ್ಲಿಮರನ್ನು ಕೊಟ್ಟರು. ಯಾವ ತಂಡಕ್ಕೆ ಯಾರು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದ್ದು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು ಮುಂದಿನ ಸೀಸನ್‌ಗೂ ಮಿಶ್ರ ತಂಡವೇ ಇರಲಿ ಅಂದರು. ಲೀಗ್ ಮುಗಿದು ಆರು ತಿಂಗಳಾದ ಮೇಲೂ ಮುಸ್ಲಿಮರ ಜೊತೆ ಪ್ರ್ಯಾಕ್ಟೀಸ್‌ಗೆ ಹೋಗುತ್ತಿದ್ದರು. ಒಳ್ಳೆ ಕ್ರೀಡಾ ಮನೋಭಾವದ ಬಹುಮಾನಕ್ಕೆ ಬೇರೆ ತಂಡದ ಮುಸ್ಲಿಂ ಹುಡುಗನಿಗೂ ಓಟು ಹಾಕಿದರು. ಇಲ್ಲಿವರೆಗೆ ಎಲ್ಲ ಚೆಂದ. ಆದರೆ ಅದೇ ಹುಡುಗರಿಗೆ ಮೊಸುಲ್‌ನ ಹೋಟೆಲ್‌ಗೆ ಹೋಗಿ ಊಟ ಮಾಡುವ ಧೈರ್ಯ ಹೆಚ್ಚಾಗಿ ಬರಲಿಲ್ಲ. ಮೈದಾನದಲ್ಲಿ ಹುಟ್ಟಿದ ನಂಬಿಕೆ ಊರ ಮೇಲಿನ ನಂಬಿಕೆಯಾಗಿ ಬದಲಾಗಲಿಲ್ಲ.

ನಿಮ್ಮ ಮಗನದ್ದೂ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಇರಲಿ ಬಿಡಿ. ಅವನು ಪೇಶಾವರದ ಹುಡುಗನನ್ನು ನಂಬಬಹುದು. ಜೊತೆಗೇ ಪಾಕಿಸ್ತಾನದ ಸರ್ಕಾರದ ಮೇಲೆ, ಸೇನೆಯ ಮೇಲೆ ಸಿಟ್ಟೂ ಇಟ್ಟುಕೊಳ್ಳಬಹುದು. ಆ ಹುಡುಗನಿಗೂ ನಮ್ಮ ಸರ್ಕಾರದ ಮೇಲೆ ಸಿಟ್ಟು ಇರಬಹುದು. ಒಬ್ಬ ಒಳ್ಳೆಯವನು ಸಿಕ್ಕ ಮಾತ್ರಕ್ಕೆ ಎರಡು ದೇಶದ ಜಗಳ ಸುಳ್ಳು ಅಂತ ಆಗುವುದಿಲ್ಲ. ಎರಡು ದೇಶದ ಜಗಳ ಇದ್ದ ಮಾತ್ರಕ್ಕೆ ಅವನು ಕೊಟ್ಟ ಕಿಚಡಿ ಸುಳ್ಳಾಗುವುದೂ ಇಲ್ಲ. ನಿಮ್ಮ ಮೈದುನ ಇವೆರಡರಲ್ಲಿ ಒಂದನ್ನು ಆರಿಸು ಅಂತ ಮಗನಿಗೆ ಹೇಳುತ್ತಿದ್ದಾನೆ. ಆರಿಸುವ ಅಗತ್ಯವೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ ಆಗುತ್ತದೆ. ಇಂಥ ಸ್ನೇಹ ಮುರಿದುಬಿದ್ದ ಊರುಗಳೂ ಇವೆ. ಬೋಸ್ನಿಯಾದ ಪ್ರಿಯೆದೋರ್ ಅನ್ನುವ ಊರಿನಲ್ಲಿ ಸರ್ಬರು, ಮುಸ್ಲಿಮರು, ಕ್ರೊವಾಟರು ತಲೆಮಾರುಗಳಿಂದ ಅಕ್ಕಪಕ್ಕ ಇದ್ದರು. ಒಂದೇ ಗಣಿಯಲ್ಲಿ ಕೆಲಸ, ಒಂದೇ ಶಾಲೆ, ಮದುವೆ ಸಂಬಂಧಗಳೂ ಇದ್ದವು. 1992ರ ಮೇ 31ರಂದು ಊರು ಹಿಡಿದ ಸರ್ಬ್ ಆಡಳಿತ ಒಂದು ಆಜ್ಞೆ ಹೊರಡಿಸಿತು. ಸರ್ಬರಲ್ಲದವರು ಮನೆಗೆ ಬಿಳಿ ಬಟ್ಟೆ ಕಟ್ಟಬೇಕು, ಹೊರಗೆ ಬಂದರೆ ತೋಳಿಗೆ ಬಿಳಿ ಪಟ್ಟಿ ಸುತ್ತಬೇಕು ಅಂತ. ಆ ಪ್ರದೇಶದಲ್ಲಿ ಕೊನೆಗೆ 3,000ಕ್ಕೂ ಜಾಸ್ತಿ ಜನ ಸತ್ತರು. ಪಕ್ಕದ ಮನೆಯವರಲ್ಲಿ ಕೆಲವರು ಕಾಪಾಡಿದರು, ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ತಾವೇ ಬಂದೂಕು ಹಿಡಿದರು. ಮೊದಲ ದಿನವೇ ಎಲ್ಲರೂ ಕೆಟ್ಟವರಾದರು ಅಂತಲ್ಲ. ಆದರೆ ಯಾವ ಮನೆ ಯಾರದು ಅಂತ ಮೇಲಿನವರು ಗುರುತು ಹಾಕಿದ ಮೇಲೆ, ಬರೀ ‘ಹೇಗಿದ್ದೀರಿ, ಊಟ ಆಯ್ತಾ’ ಅನ್ನುವಷ್ಟರ ಸ್ನೇಹಕ್ಕೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ.

ಇದಕ್ಕೆ ಬೋಸ್ನಿಯಾವರೆಗೆ ಹೋಗಬೇಕಾಗಿಯೂ ಇಲ್ಲ ಅಲ್ವಾ? ನಿಮ್ಮ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಇರುವ ಬಂಗಾಳಿ ಕುಟುಂಬಗಳು ಪೂರ್ವ ಪಾಕಿಸ್ತಾನ ಬಿಟ್ಟು ಬಂದವರು. ಅವರಿಗೂ ಅಲ್ಲಿ ನೆರೆಹೊರೆ ಇತ್ತು. ಒಳ್ಳೆ ನೆರೆಹೊರೆಯವರು ಇದ್ದರಾ ಅಂತ ಅಲ್ಲಿನ ಹಿರಿಯರನ್ನು ಕೇಳಿ ನೋಡಿ.

ಹಾಗಾದರೆ ಕಷ್ಟ ಬಂದಾಗ ಉಳಿಯುವ ಸ್ನೇಹ ಯಾವುದು? ನನ್ನ ಪ್ರಕಾರ, ಬರೀ ನಗುಮುಖದ ಸ್ನೇಹಕ್ಕಿಂತ ಒಟ್ಟಿಗೆ ಕೆಲಸ ಹಂಚಿಕೊಂಡ ಸ್ನೇಹ ಗಟ್ಟಿ. ಇದಕ್ಕೆ ನಮ್ಮ ಕಡೆಯದೇ ಪುರಾವೆ ಇದೆ. ರಾಯಚೂರು, ಕೊಪ್ಪಳ ಎರಡೂ ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದವು. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಜನ ಗಡಿ ದಾಟಿ ಬಂದಿದ್ದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಒಳಗೆ ಬಂದು ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಆ ರಾಜ್ಯದ ಹಲವು ಕಡೆ ಗಾಳಿ ತಿರುಗಿತು, ಮುಸ್ಲಿಮರ ಮೇಲೆ ದಾಳಿ ಆಯಿತು. ಏನಾಯಿತು ನೋಡಿ ಬನ್ನಿ ಅಂತ ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ನೇತೃತ್ವದಲ್ಲಿ ತಂಡ ಕಳಿಸಿತು. ಆ ತಂಡದ ವರದಿ ಬಹಳ ಕಾಲ ಕಪಾಟಿನಲ್ಲೇ ಇತ್ತು. ಅದರಲ್ಲಿ ಓದಲಾಗದಂಥ ವಿಷಯಗಳಿವೆ. ನಡುವೆ ಒಂದು ಮಾತು ಬರುತ್ತದೆ. ಮುಸ್ಲಿಂ ನೆರೆಯವರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳು ಇದ್ದರು ಅಂತ. ಒಂದೇ ಕಸುಬಿನವರ ನಡುವೆ ಇದು ಎದ್ದು ಕಾಣುತ್ತಿತ್ತಂತೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತರು, ಹಾಗೆ ನಿಂತು ಕೆಲವರು ಸತ್ತರು ಕೂಡ. ಒಂದೇ ನೂಲಿನವರು, ಒಂದೇ ಕಸುಬಿನವರು. ಅವರ ನಡುವೆ ಇದ್ದದ್ದು ಹಬ್ಬದ ದಿನ ಕೈ ಕುಲುಕುವ ಸಂಬಂಧ ಮಾತ್ರ ಅಲ್ಲ.

ಅಶುತೋಷ್ ವಾರ್ಷ್ಣೇಯ ಅನ್ನುವ ವಿದ್ವಾಂಸರು ಇದನ್ನೇ ದೊಡ್ಡದಾಗಿ ಪರೀಕ್ಷೆ ಮಾಡಿದರು. ಗಲಭೆ ಆಗುವ ಊರು, ಆಗದ ಊರು ಅಂತ ಭಾರತದ ಆರು ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಅಲೀಗಢಕ್ಕೆ ಕ್ಯಾಲಿಕಟ್ ಜೋಡಿ. ಹಳ್ಳಿಗಳಲ್ಲಾದರೆ ದಿನನಿತ್ಯದ ಮಾತುಕತೆ, ಹೋಗಿಬರುವುದು ಸಾಕಾಗುತ್ತದೆ ಅಂತ ಕಂಡುಕೊಂಡರು. ಎಲ್ಲರಿಗೂ ಎಲ್ಲರ ಮುಖ ಗೊತ್ತಿರುತ್ತದಲ್ಲ. ನಗರದಲ್ಲಿ ಅಷ್ಟು ಸಾಲದು. ಅಲ್ಲಿ ಎರಡೂ ಕಡೆಯವರು ಸೇರಿ ನಡೆಸುವ ವ್ಯಾಪಾರಿ ಸಂಘ, ಕಾರ್ಮಿಕ ಸಂಘ ಇಂಥವು ಬೇಕು. ಗಾಳಿಮಾತು ಹಬ್ಬಿದ ರಾತ್ರಿ ‘ಸುಳ್ಳು, ಹಾಗೇನೂ ಆಗಿಲ್ಲ’ ಅಂತ ಫೋನ್ ಮಾಡಿ ಹೇಳಲು ಒಬ್ಬ ಮನುಷ್ಯ ಬೇಕು.

ಇಲ್ಲಿ ಒಂದು ಅಡ್ಡಮಾತು. ನಮ್ಮ ಕಡೆ ಸೌಹಾರ್ದದ ಭಾಷಣ ಮಾಡುವವರಿಗೆ ಹಿಂದೂ ಮುಸ್ಲಿಮರು ಸೇರಿ ಮಾಡುವ ಮುದಗಲ್ ಮೊಹರಂ ಸಿಕ್ಕರೆ ಸಾಕು, ‘ನೋಡಿ, ನಮ್ಮಲ್ಲಿ ಭೇದವೇ ಇಲ್ಲ’ ಅಂದುಬಿಡುತ್ತಾರೆ. ಭೇದ ಇದೆ, ಇಲ್ಲ ಅಂದವರ ಮನೆಯಲ್ಲೂ ಇದೆ. ನನಗೆ ಆ ಹಬ್ಬದಲ್ಲಿ ಇಷ್ಟವಾಗುವುದು ಬೇರೆ. ಬೆಂಕಿ ಹಾಕುವ ಅಲಾಯಿ ಕುಣಿ ತೋಡುವವರು ಯಾರು, ಕಟ್ಟಿಗೆ ತರುವವರು ಯಾರು, ದೇವರು ಹಿಡಿಯುವವರು ಯಾರು ಅಂತ ಊರೂರಿಗೆ ಕಟ್ಟಳೆ ಇದೆ. ಬೇರೆ ಬೇರೆ ಜಾತಿಯ ಮನೆಗಳಿಗೆ ಬೇರೆ ಬೇರೆ ಜವಾಬ್ದಾರಿ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರನ್ನು ಕೂಡಿಸುತ್ತಾರೆ. ಒಬ್ಬರು ಬರಲಿಲ್ಲ ಅಂದರೆ ಹಬ್ಬ ನಿಲ್ಲುತ್ತದೆ. ಅದಕ್ಕೇ ಆ ವರ್ಷ ಜಗಳ ಆಗಿದ್ದರೂ ಹೋಗಿ ಕರೆಯಲೇಬೇಕು. ಭಾವನೆಗಿಂತ ಆ ‘ಲೇಬೇಕು’ ಅನ್ನುವುದೇ ಹಬ್ಬವನ್ನು ಇಷ್ಟು ಕಾಲ ಹಿಡಿದಿಟ್ಟಿದೆ.

ಹೊರದೇಶದಲ್ಲೂ ಹೀಗೆಯೇ. ಸೈಪ್ರಸ್ ದ್ವೀಪ 1974ರಲ್ಲಿ ಎರಡು ಹೋಳಾಯಿತು. ಗ್ರೀಕರು ದಕ್ಷಿಣಕ್ಕೆ, ತುರ್ಕರು ಉತ್ತರಕ್ಕೆ. ನಡುವೆ ವಿಶ್ವಸಂಸ್ಥೆಯ ಸೈನಿಕರು ಕಾಯುವ ಪಟ್ಟಿ. ಆ ಪಟ್ಟಿಯೊಳಗೇ ಪಿಲಾ ಅನ್ನುವ ಹಳ್ಳಿ ಇದೆ. ಅಲ್ಲಿ ಮಾತ್ರ ಇಬ್ಬರೂ ಊರು ಬಿಡಲಿಲ್ಲ. ಅಲ್ಲೇನು ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲ. ಶಾಲೆ ಬೇರೆ, ಊರಗೌಡ ಬೇರೆ, ಚೌಕದಲ್ಲಿ ಕಾಫಿ ಅಂಗಡಿಯೂ ಬೇರೆ ಬೇರೆ. ಆದರೂ ಅಷ್ಟು ವರ್ಷದಿಂದ ಒಂದೇ ಊರಲ್ಲಿ ಬಾಳುತ್ತಿದ್ದಾರೆ. 2023ರ ಆಗಸ್ಟ್‌ನಲ್ಲಿ ಅಲ್ಲಿ ಹೊಡೆದಾಟ ಆಯಿತು, ನಿಜ. ಒಂದು ರಸ್ತೆ ವಿಷಯಕ್ಕೆ ಉತ್ತರದ ತುರ್ಕರ ಕಡೆಯ ಭದ್ರತಾ ಸಿಬ್ಬಂದಿ ವಿಶ್ವಸಂಸ್ಥೆಯ ಸೈನಿಕರ ಮೇಲೆ ಬಿದ್ದರು. ಕಾಫಿ ಅಂಗಡಿಗಳ ನಡುವೆ ಶುರುವಾದ ಜಗಳ ಅಲ್ಲ ಅದು.

ಈಗ ನಿಮ್ಮ ಮಗನಿಗೆ ಹೇಳಬೇಕಾದ್ದು. ರೂಮಿನಲ್ಲಿ ಈಗಾಗಲೇ ಅಡುಗೆ ಪಾಳಿ ಇದ್ದರೆ ಅದನ್ನು ಬಿಡಬಾರದು. ಗಲಾಟೆಯ ದಿನಗಳಲ್ಲಂತೂ ಬಿಡಲೇಬಾರದು. ‘ಇವತ್ತು ಮನಸ್ಸು ಸರಿಯಿಲ್ಲ, ನಾನು ಹೊರಗೆ ಉಣ್ಣುತ್ತೇನೆ’ ಅಂತ ಒಬ್ಬ ಶುರು ಮಾಡಿದರೆ ವಾರದೊಳಗೆ ಎರಡು ಒಲೆ, ಎರಡು ಗುಂಪು ಆಗುತ್ತದೆ. ಅಂಥ ದಿನ ಸುದ್ದಿ ನೋಡುವವರು ಇಯರ್‌ಫೋನ್ ಹಾಕಿಕೊಂಡು ನೋಡಲಿ. ಊಟದ ಹೊತ್ತಲ್ಲಿ ಯುದ್ಧದ ಮಾತು, ಕಾಶ್ಮೀರದ ಮಾತು ಬೇಡ. ಇದು ಹೇಡಿತನ ಏನಲ್ಲ. ಮದುವೆಮನೆಯಲ್ಲಿ ನಾವು ಹೊಲದ ವ್ಯಾಜ್ಯ ತೆಗೆಯುತ್ತೇವಾ? ಆದರೆ ಸತ್ತವರ ವಿಷಯ ಬಂದರೆ ಬಾಯಿ ಮುಚ್ಚಿ ಕೂರಬಾರದು. ‘ಪಾಪ, ಆಗಬಾರದಿತ್ತು’ ಅಂತ ಒಂದು ಮಾತು ಎರಡೂ ಕಡೆಯಿಂದ ಬರಬೇಕು. ಪಹಲ್ಗಾಮ್ ಸುದ್ದಿ ಬಂದ ದಿನ ಪೇಶಾವರದ ಹುಡುಗರು ಏನಂದರು ಅಂತ ಮಗನನ್ನು ಕೇಳಿ. ಅದರಲ್ಲೇ ನಿಮಗೆ ಅರ್ಧ ಉತ್ತರ ಸಿಗುತ್ತದೆ.

ಹುಷಾರಾಗಿರಬೇಕಾದ ವಿಷಯಗಳೂ ಇವೆ. ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ, ಬ್ಯಾಂಕ್ ಕಾರ್ಡ್, ತನ್ನ ಹೆಸರಿನ ಸಿಮ್ ಯಾರ ಕೈಗೂ ಕೊಡಬಾರದು. ಬೇರೆಯವರ ಸಾಲಕ್ಕೆ ಸಹಿ ಹಾಕಬಾರದು. ‘ಊರಿಗೆ ಹೋಗ್ತಾ ಈ ಪಾರ್ಸಲ್ ತಗೊಂಡು ಹೋಗು’ ಅಂದರೆ ಒಳಗೇನಿದೆ ನೋಡದೆ ತರಬಾರದು. ಡ್ಯಾಮ್, ರೈಲ್ವೆ, ಸೇನೆ, ಕಾರ್ಖಾನೆ ಅಂತ ಯಾರಾದರೂ ಫೋಟೋ ಕೇಳಿದರೆ, ಸೇನೆಯಲ್ಲಿರುವ ನೆಂಟರ ನಂಬರ್ ಕೇಳಿದರೆ ಅಲ್ಲಿಗೇ ಮಾತು ಮುಗಿಸಬೇಕು. ಇದು ಪಾಕಿಸ್ತಾನದವರಿಗೆ ಮಾತ್ರ ಅಂತಲ್ಲ. ಗಲ್ಫ್‌ನಲ್ಲಿ ನಮ್ಮ ಹುಡುಗರು ಮೋಸ ಹೋದ ಕಥೆಗಳಲ್ಲಿ ನಾನು ಜಾಸ್ತಿ ಕೇಳಿದ್ದು ನಮ್ಮದೇ ದೇಶದವರ, ಎಷ್ಟೋ ಸಲ ನಮ್ಮದೇ ಜಿಲ್ಲೆಯ ಏಜೆಂಟರ ಹೆಸರು. ರೂಮಿನಲ್ಲಿ ನಿಜವಾಗಿ ಬೆದರಿಕೆ ಬಂದರೆ ಕ್ಯಾಂಪ್ ಬಾಸ್‌ಗೆ ಬರವಣಿಗೆಯಲ್ಲಿ ಕೊಡಲಿ. ದುಬೈಯಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಟೋಲ್ ಫ್ರೀ ನಂಬರ್ 800 46342. ಅದನ್ನು ಮಗ ಫೋನಿನಲ್ಲಿ ಸೇವ್ ಮಾಡಿಕೊಂಡಿರಲಿ.

ಮೈದುನನ ಜೊತೆ ನೀವು ವಾದ ಮಾಡಬೇಡಿ. ಮಗ ದುಬೈಗೆ ಹೋದ ಮೇಲೆ ವಿಡಿಯೋ ಕಾಲ್ ಮಾಡಿದಾಗ ಮೈದುನನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆ ಹುಡುಗನ ಮುಖ ತೋರಿಸಲಿ, ಅವನ ಊರು, ಹೊಲ, ಮಳೆ ಬೆಳೆ ವಿಚಾರಿಸಲಿ. ಮೈದುನ ಒಪ್ಪದಿದ್ದರೆ ಒತ್ತಾಯ ಬೇಡ.

ಕೊನೆಗೆ ತಿಂಡಿ ವಿಚಾರ. ಖಂಡಿತ ಕಟ್ಟಿ ಕೊಡಿ, ಏನೂ ತಪ್ಪಿಲ್ಲ. ಒಬ್ಬನಿಗೆ ಅಂತ ಬೇಡ, ಆರು ಜನಕ್ಕೂ ಆಗುವಷ್ಟು ಕೊಡಿ. ಒಬ್ಬನಿಗೇ ಕೊಟ್ಟರೆ ಉಳಿದವರಿಗೆ ಇರುಸುಮುರುಸು. ಶೇಂಗಾ ಹೋಳಿಗೆ ಬೇಗ ಕೆಡುವುದಿಲ್ಲ. ಕಟಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕೂಡ ಆಗುತ್ತದೆ. ಆದರೆ ಗಸಗಸೆ ಮಾತ್ರ ಒಂದು ಕಾಳೂ ಬೇಡ. ಯುಎಇಯಲ್ಲಿ ಗಸಗಸೆ ನಿಷೇಧ, ಅದನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಕರ್ಚಿಕಾಯಿ ಹೂರಣಕ್ಕೆ, ಅಂಟಿನ ಉಂಡೆಗೆ, ಕೆಲವರ ಮನೆಯ ಮಸಾಲೆ ಪುಡಿಗೆ ತಪ್ಪದೆ ಗಸಗಸೆ ಬೀಳುತ್ತದೆ. ಅಂಗಡಿಯಿಂದ ತಂದ ಸಿಹಿಯಾದರೆ ಕೇಳಿಯೇ ಕೊಳ್ಳಿ. ಎಲೆ ಅಡಿಕೆಯೂ ಬೇಡ. ಮಗ ಇಲ್ಲಿಂದ ಮಾತ್ರೆ ತಗೊಂಡು ಹೋಗುವುದಾದರೆ ಡಾಕ್ಟರ ಚೀಟಿ ಜೊತೆಗಿರಲಿ. ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೆ ಅಲ್ಲಿ ಮೊದಲೇ ಅನುಮತಿ ಪಡೆಯಬೇಕು. ಹೋಳಿಗೆಯನ್ನು ಒಂದೊಂದಾಗಿ ಪೇಪರ್‌ನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಕೈಚೀಲಕ್ಕೆ ಬೇಡ, ಲಗೇಜಿಗೆ ಹಾಕಿಸಿ. ಚಟ್ನಿಪುಡಿಗೆ ಖಾರ ಸ್ವಲ್ಪ ಕಡಿಮೆ ಇರಲಿ, ನಮ್ಮ ಕಡೆಯ ಖಾರ ಪೇಶಾವರದವರಿಗೆ ತಡೆಯುವುದಿಲ್ಲ.